ಏಳು ಕತ್ತರಿ, ಲಕ್ಷ ಬತ್ತಿ

ನಮ್ಮ ಮನೆಯಲ್ಲಿ ಏಳು ಕತ್ತರಿ ಇವೆ ಎಂದು ಗೊತ್ತಾದದ್ದು 2023ರ ಶ್ರಾವಣದಲ್ಲಿ. ಅಲ್ಲಿಯವರೆಗೆ ನಮ್ಮಲ್ಲಿ ಕತ್ತರಿಯೇ ಇಲ್ಲ ಎಂದುಕೊಂಡಿದ್ದೆವು. ಸುಭಾಸ ರೋಡಿಗೆ ಹೋದಾಗ ಒಂದು ತರುವುದು, ಎರಡು ವಾರ ಅದು ಕಣ್ಣಿಗೆ ಬೀಳುವುದು, ಆಮೇಲೆ ಮಾಯ. ಹಾಲಿನ ಪಾಕೀಟು ಮತ್ತೆ ಹಲ್ಲಿಗೆ. ಸಿಕ್ಕ ಏಳರಲ್ಲಿ ಎರಡಂತೂ ಅಂಗಡಿಯವನು ಹಾಕಿಕೊಟ್ಟ ಕಾಗದದ ಚೀಲದಿಂದ ಹೊರಗೇ ಬಂದಿರಲಿಲ್ಲ.

ನಾವಿರುವುದು ಧಾರವಾಡದ ಮಾಳಮಡ್ಡಿಯಲ್ಲಿ, ಅತ್ತೆ-ಮಾವನ ಕಾಲದ ಹಂಚಿನ ಮನೆ. ನನ್ನ ಕೆಲಸ ಹುಬ್ಬಳ್ಳಿಯ ಒಂದು ಪಟ್ಟಣ ಸಹಕಾರಿ ಬ್ಯಾಂಕಿನಲ್ಲಿ. ಬೆಳಿಗ್ಗೆ ಜ್ಯುಬಿಲಿ ಸರ್ಕಲ್ಲಿನಲ್ಲಿ ಚಿಗರಿ ಬಸ್ಸು ಹತ್ತುತ್ತೇನೆ, ಸಂಜೆ ಅದರಲ್ಲೇ ವಾಪಸ್ಸು. ಈ ಬಸ್ಸುಗಳು ಶುರುವಾದ 2018ರಿಂದ ಇಲ್ಲಿಯವರೆಗೆ ನಾನು ಅವುಗಳಲ್ಲಿ ಬಿಟ್ಟುಬಂದ ಛತ್ರಿಗಳನ್ನು ಒಟ್ಟು ಮಾಡಿದರೆ, ಧಾರವಾಡದ ಜಿಟಿಜಿಟಿ ಮಳೆಯಲ್ಲಿ ನಮ್ಮ ಓಣಿಯವರೆಲ್ಲ ತಲೆ ತೋಯಿಸಿಕೊಳ್ಳದೆ ಓಡಾಡಬಹುದಿತ್ತು.

ಮನೆಗೆ ಯಾರಾದರೂ ಬರುತ್ತಾರೆಂದರೆ ನನ್ನದೊಂದು ಉಪಾಯವಿತ್ತು. ಪಡಸಾಲೆಯ ಮೇಜಿನ ಮೇಲೆ ಏನಿದೆಯೋ ಅದನ್ನೆಲ್ಲ ಎರಡೂ ಕೈಯಿಂದ ಬಳಿದು ಜವಳಿ ಅಂಗಡಿಯ ಚೀಲಕ್ಕೆ ತುಂಬುವುದು, ಬಾಯಿಗೆ ಗಂಟು ಹಾಕಿ ಅಟ್ಟಕ್ಕೆ ಎಸೆಯುವುದು. ‘ಹಬ್ಬ ಮುಗೀಲಿ, ತಗದು ನೋಡ್ತೀನಿ’ ಅನ್ನುವುದು. ಹಬ್ಬ ಮುಗಿಯುತ್ತಿತ್ತು. ಮುಂದಿನ ಹಬ್ಬಕ್ಕೆ ಹೊಸ ಚೀಲ ಅಟ್ಟ ಸೇರುತ್ತಿತ್ತು. ಹದಿನೈದು ವರ್ಷದಲ್ಲಿ ಮೂವತ್ತೊಂದು ಚೀಲ. ಮಲಗುವ ಕೋಣೆಯಲ್ಲಿ ಒಂದು ಕುರ್ಚಿ ಇದೆ, ಅದರ ಮೇಲೆ ನಾವ್ಯಾರೂ ಕೂತದ್ದಿಲ್ಲ. ಪೂರ್ತಿ ಮಡಿಯೂ ಅಲ್ಲದ, ಪೂರ್ತಿ ಮೈಲಿಗೆಯೂ ಅಲ್ಲದ ಬಟ್ಟೆಗಳ ಜಾಗ ಅದು.

ಇದರಿಂದ ಎಷ್ಟು ಹಾನಿ ಎಂದು ಒಮ್ಮೆ ಕೂತು ಬರೆದೆ, ಬ್ಯಾಂಕಿನವಳಲ್ಲವೇ. ಪ್ಯಾನ್-ಆಧಾರ್ ಜೋಡಣೆ 2022ರ ಮಾರ್ಚ್ 31ರವರೆಗೆ ಪುಕ್ಕಟೆ ಇತ್ತು. ಆಮೇಲೆ ಮೂರು ತಿಂಗಳು 500 ರೂಪಾಯಿ, ಅದು ಮುಗಿದ ಮೇಲೆ 1,000. ಕೌಂಟರಿನಲ್ಲಿ ಕೂತು ನೂರಾರು ಮಂದಿಗೆ ‘ಲಗೂ ಮಾಡಸ್ರಿ, ದಂಡ ಬೀಳ್ತದ’ ಎಂದವಳು ನಾನು. ನನ್ನದನ್ನು ಮಾಡಿಸಿದ್ದು 2023ರ ಜೂನ್ ಕೊನೆಯ ವಾರ, ಸಾವಿರ ತುಂಬಿ. ಮನೆ ಕರವನ್ನು ಏಪ್ರಿಲ್‌ನಲ್ಲಿ ತುಂಬಿದರೆ ಶೇ. 5 ರಿಯಾಯಿತಿ, ಜುಲೈ ಹೊಕ್ಕಿತೆಂದರೆ ತಿಂಗಳಿಗೆ ಶೇ. 2 ದಂಡ. ರಿಯಾಯಿತಿ ಸಿಕ್ಕ ವರ್ಷ ಒಂದೂ ನೆನಪಿಲ್ಲ; ಒಂದು ವರ್ಷ ಮಾತ್ರ ಎರಡು ಸಲ ತುಂಬಿದ್ದೆವು, ನಾನೊಮ್ಮೆ, ನಮ್ಮವರೊಮ್ಮೆ. ವಿಮೆಯ ಆರು ತಿಂಗಳ ಕಂತಿಗೆ 30 ದಿನ ಹೆಚ್ಚಿನ ವಾಯಿದೆ ಇರುತ್ತದೆ. ಅದನ್ನೂ ದಾಟಿಸಿ, ಪಾಲಿಸಿ ಬಿದ್ದುಹೋಗಿ, ಬಡ್ಡಿ ತುಂಬಿ, ‘ನನ್ನ ಆರೋಗ್ಯ ಚೆನ್ನಾಗಿದೆ’ ಎಂದು ಬರೆದುಕೊಟ್ಟು ಅದನ್ನು ಎಬ್ಬಿಸಿದ್ದಾಯಿತು. ಮತ್ತೊಂದು ಬ್ಯಾಂಕಿನಲ್ಲಿದ್ದ ನನ್ನ ಹಳೆಯ ಖಾತೆ ಎರಡು ವರ್ಷ ವ್ಯವಹಾರವಿಲ್ಲದೆ ಸ್ಥಗಿತವಾಗಿತ್ತು. ಚಾಲೂ ಮಾಡಿಸಲು ಹೋದಾಗ ಕೌಂಟರಿನ ಹುಡುಗ, ‘ಮ್ಯಾಡಮ್, ನೀವು ಎಲ್ಲೆ ಕೆಲಸ ಮಾಡ್ತೀರಿ?’ ಎಂದು ಕೇಳಿದ. ‘ಮನ್ಯಾಗ’ ಅಂದೆ.

ರೊಕ್ಕದ ಮಾತು ಹೇಗೂ ಸಹಿಸಬಹುದು. ಗಂಡಸಿನ ಮೇಜು ಹರವಿಕೊಂಡಿದ್ದರೆ ‘ಪಾಪ, ಭಾಳ ಕೆಲಸದ ಮನಷಾ’ ಎನ್ನುತ್ತಾರೆ. ಹೆಂಗಸಿನ ಮನೆ ಹರವಿಕೊಂಡಿದ್ದರೆ ಆ ಮಾತು ಅವಳ ತವರಿನವರೆಗೂ ಹೋಗುತ್ತದೆ. ನನ್ನ ತವರು ಗದಗ. ಅವ್ವ ಮನೆಯನ್ನು ಹೇಗೆ ಇಟ್ಟಿದ್ದಳೆಂದರೆ ಕರೆಂಟು ಹೋದ ಕತ್ತಲಲ್ಲೂ ಕೈ ಚಾಚಿದರೆ ಸಾಸಿವೆ ಡಬ್ಬಿ ಸಿಗಬೇಕು. ಅಪ್ಪ ಮಾಸ್ತರು. ಅವರ ಜುಬ್ಬಾದ ಕಿಸೆ ಒಗೆಯುವ ಮೊದಲು ಅವ್ವ ಚೀಟಿಗಳನ್ನು ತೆಗೆದು ಸಾಲಾಗಿ ಇಡುತ್ತಿದ್ದಳು. ಅಪ್ಪ ವೀರನಾರಾಯಣನ ಗುಡಿಗೆ ಚಪ್ಪಲಿ ಹಾಕಿಕೊಂಡು ಹೋಗಿ ಬರಿಗಾಲಲ್ಲಿ ಬಂದದ್ದು ಲೆಕ್ಕವಿಲ್ಲ. ಅಪ್ಪನಿಗೆ ಅದು ‘ಸಾಧು ಸ್ವಭಾವ’. ಐದನೆಯ ಇಯತ್ತೆಯಲ್ಲಿ ಒಂದೇ ವರ್ಷ ನಾಲ್ಕು ಕಂಪಾಸ್ ಪೆಟ್ಟಿಗೆ ಕಳೆದ ನನಗೆ ‘ಬೇಖಬರ್’ ಎಂಬ ಹೆಸರು ಬಿತ್ತು. ಇಬ್ಬರದೂ ಒಂದೇ ಇರಬಹುದು ಎಂದು ಯಾರಿಗೂ ಹೊಳೆಯಲಿಲ್ಲ, ನನಗೂ.

ಪ್ರಯತ್ನ ಮಾಡಲಿಲ್ಲ ಎಂದಲ್ಲ. ದುರ್ಗದ ಬೈಲಿನಿಂದ ಪ್ಲಾಸ್ಟಿಕ್ ಡಬ್ಬಿ, ಬುಟ್ಟಿ, ಖಾನೆ ಖಾನೆಯ ಪೆಟ್ಟಿಗೆ ಹೊತ್ತು ತಂದೆ. ಸಾಮಾನು ಇಡಲು ತಂದ ಡಬ್ಬಿಯೂ ಕೊನೆಗೆ ಒಂದು ಸಾಮಾನೇ ಎಂದು ಅರ್ಥವಾಗಲು ಮೂರು ವರ್ಷ ಬೇಕಾಯಿತು. ಪ್ರತಿ ವರ್ಷ ಬ್ಯಾಂಕಿನ ಹೊಸ ಡೈರಿಯಲ್ಲಿ ಜನವರಿ ಒಂದರಿಂದ ಬರೆಯುತ್ತಿದ್ದೆ. ಸಂಕ್ರಾಂತಿ ದಾಟಿದ ಡೈರಿ ನನ್ನ ಹತ್ತಿರ ಒಂದೂ ಇಲ್ಲ. ಕಾಗದಗಳಿಗೆ ಬಣ್ಣಬಣ್ಣದ ಫೈಲು ಮಾಡಿದೆ. ಯಾವ ಬಣ್ಣ ಯಾವುದಕ್ಕೆ ಎಂದು ಬರೆದ ಚೀಟಿ ಕಳೆಯಿತು. ನಗಬೇಡಿ.

ಆಯುಧಪೂಜೆಯ ಮುಂಚಿನ ಭಾನುವಾರ ‘ಇವತ್ತು ಇಡೀ ಮನೆ’ ಎಂದು ಸೆರಗು ಕಟ್ಟುವುದೂ ಇತ್ತು. ಹತ್ತು ಗಂಟೆಗೆ ಕಪಾಟಿನ ಸಾಮಾನೆಲ್ಲ ಹೊರಗೆ. ಹನ್ನೊಂದಕ್ಕೆ ಒಂದು ಹಳೆಯ ಪತ್ರ ಸಿಕ್ಕು ಅದನ್ನು ಓದುತ್ತ ಕೂಡುವುದು. ರಾತ್ರಿ ಎಂಟಕ್ಕೆ ಹಾಸಿಗೆ ಹಾಸಲು ಜಾಗವಿಲ್ಲದೆ ಎಲ್ಲವನ್ನೂ ಮತ್ತೆ ಕಪಾಟಿಗೆ ತುರುಕಿ ಮೊಣಕಾಲಿನಿಂದ ಬಾಗಿಲು ಒತ್ತುವುದು.

ಮಗಳ ಎಸ್ಸೆಸ್ಸೆಲ್ಸಿ ಮುಗಿದ ವರ್ಷ ಇದು ಬೇರೆ ಥರ ಆಯಿತು. ಪಿಯುಸಿಗೆ ಹೆಸರು ಹಚ್ಚಲು ಮರುದಿನ ಹನ್ನೊಂದಕ್ಕೆ ಹೋಗಬೇಕು. ಹಿಂದಿನ ರಾತ್ರಿ ಒಂಬತ್ತಕ್ಕೆ ನೋಡಿದರೆ ಶಾಲೆಯವರು ಕೊಟ್ಟ ಟಿ.ಸಿ. ಇಲ್ಲ. ನಾನು, ನಮ್ಮವರು, ಅತ್ತೆ, ಮಗಳು ನಾಲ್ಕೂ ಜನ ಹುಡುಕಿದೆವು. ಹಾಸಿಗೆಯ ಕೆಳಗೆ, ಜಗುಲಿಯ ಹಿಂದೆ, ಜೋಳದ ಹಿಟ್ಟಿನ ಡಬ್ಬಿಯಲ್ಲಿ. ಎರಡೂವರೆಗೆ ಸಿಕ್ಕಿತು, ಒಂದು ದೊಡ್ಡ ಮದುವೆ ಪತ್ರಿಕೆಯ ಲಕೋಟೆಯೊಳಗೆ. ಮಡಿಕೆ ಬೀಳಬಾರದೆಂದು ನಾನೇ ಜೋಪಾನವಾಗಿ ಅದರಲ್ಲಿ ಇಟ್ಟಿದ್ದೆ. ನಾನು ಕಳೆಯುವುದೆಲ್ಲ ಜೋಪಾನ ಮಾಡಿದ ವಸ್ತುಗಳೇ. ಬೇಕಾಬಿಟ್ಟಿ ಒಗೆದದ್ದು ಎಲ್ಲಿಯೂ ಹೋಗುವುದಿಲ್ಲ.

ಮಗಳು ಟಿ.ಸಿ. ತೆಗೆದುಕೊಂಡು ಅಂದಳು: ‘ಅಮ್ಮಾ, ಇನ್ನ ಮ್ಯಾಲೆ ನನ್ನ ಕಾಗದಾ ನಾನೇ ಇಟ್ಕೋತೀನಿ.’

ಸಿಟ್ಟಿನಿಂದ ಅಂದಿದ್ದರೆ ಜಗಳವಾಡಬಹುದಿತ್ತು. ಮೆತ್ತಗೆ ಅಂದಳು.

ಧಾರವಾಡದವರಿಗೆ ಮನಸ್ಸಿನ ಡಾಕ್ಟರು ಎಂದರೆ ಡಿಮ್ಹಾನ್ಸ್. ಹತ್ತೊಂಬತ್ತನೆಯ ಶತಮಾನದಿಂದ ಇರುವ ಆ ಆಸ್ಪತ್ರೆಯ ಹೆಸರು ಬದಲಾದರೂ ಹಿರಿಯರ ಬಾಯಿ ಬದಲಾಗಿಲ್ಲ, ಅವರಿಗೆ ಅದು ಇನ್ನೂ ‘ಹುಚ್ಚರ ದವಾಖಾನಿ’. ನನಗೂ ಧೈರ್ಯ ಸಾಲದೆ, ಗುರುತಿನವರು ನೋಡಬಾರದೆಂದು ಹುಬ್ಬಳ್ಳಿಯಲ್ಲಿ ಒಬ್ಬ ಮನೋವೈದ್ಯೆಯ ಹತ್ತಿರ ಹೆಸರು ಬರೆಸಿದೆ. ಮೊದಲ ಸಲ ಕೊಟ್ಟ ತಾರೀಖು ಮರೆತೆ. ಎರಡನೆಯ ಸಲ ಒಂದು ದಿನ ಮೊದಲೇ ಹೋದೆ. ಡಾಕ್ಟರು ನಕ್ಕು, ‘ಅರ್ಧ ರೋಗಾ ಇಲ್ಲೇ ಗೊತ್ತಾತು ಬಿಡ್ರಿ’ ಅಂದರು.

ಆದರೆ ಅಷ್ಟಕ್ಕೇ ಹೆಸರಿಡಲಿಲ್ಲ. ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ಎಲ್ಲ ನೋಡಿಸಿದರು. ನಿದ್ದೆ ಹೇಗೆ, ಮುಟ್ಟು ಏರುಪೇರಾಗಿದೆಯೇ, ಮನಸ್ಸು ಕುಗ್ಗಿದೆಯೇ ಎಂದು ಕೇಳಿದರು. ಮರೆವಿಗೂ ಅಸ್ತವ್ಯಸ್ತತೆಗೂ ಇವೆಲ್ಲ ಕಾರಣವಾಗಬಹುದಂತೆ. ‘ಸಾಮಾನು ಒಗೀಲಿಕ್ಕೆ ಸಂಕಟ ಆಗ್ತದೇನು?’ ಎಂದೂ ಕೇಳಿದರು. ಬೇಡದ್ದನ್ನೂ ಬಿಡಲಾಗದೆ ಕೂಡಿಹಾಕುವುದು ಬೇರೆಯೇ ತೊಂದರೆ, 2013ರಿಂದ ವೈದ್ಯರ ಕೈಪಿಡಿಯಲ್ಲಿ ಅದಕ್ಕೆ ಪ್ರತ್ಯೇಕ ಜಾಗವಿದೆ ಎಂದರು. ನನಗೆ ಒಗೆಯುವುದಕ್ಕೆ ಸಂಕಟವಿಲ್ಲ. ಒಗೆಯಬೇಕೋ ಇಡಬೇಕೋ, ಇಟ್ಟರೆ ಎಲ್ಲಿಡಬೇಕೋ ಎಂದು ನಿರ್ಧರಿಸುವಾಗ ತಲೆ ಬೆಣಚುಕಲ್ಲಾಗುತ್ತದೆ. ಆಮೇಲೆ ಹದಿನೆಂಟು ಪ್ರಶ್ನೆಯ ಹಾಳೆ ತುಂಬಿಸಿದರು, ನಮ್ಮವರನ್ನೂ ಒಂದು ದಿನ ಕರೆಸಿ ಮಾತಾಡಿದರು, ಶಾಲೆಯ ದಿನಗಳ ಬಗ್ಗೆ ಕೆದಕಿದರು. ನಾಲ್ಕು ಕಂಪಾಸ್ ಪೆಟ್ಟಿಗೆಯ ಕಥೆ ಅಲ್ಲಿ ಉಪಯೋಗಕ್ಕೆ ಬಂತು: ಲಕ್ಷಣಗಳು ಹನ್ನೆರಡು ವರ್ಷದೊಳಗೇ ಇದ್ದಿರಬೇಕು ಎಂಬುದು ಒಂದು ನಿಯಮವಂತೆ.

ಕೊನೆಗೆ ಒಂದು ಪ್ರಶ್ನೆ ಕೇಳಿದರು. ‘ಬ್ಯಾಂಕಿನ್ಯಾಗ ನಿಮ್ಮ ಕ್ಯಾಶ್ ಎಷ್ಟು ಸಲ ತಪ್ಪೇದ?’

‘ಹದಿನೆಂಟು ವರ್ಷದಾಗ ಎರಡು ಸಲ.’

‘ಮತ್ತ ಮನ್ಯಾಗ ಯಾಕ ದಿನಾ ತಪ್ತದ?’

ಉತ್ತರ ನನ್ನ ಬಾಯಲ್ಲೇ ಇತ್ತು, ಯಾರೂ ಕೇಳಿರಲಿಲ್ಲ ಅಷ್ಟೇ. ಬ್ಯಾಂಕಿನಲ್ಲಿ ದಿನ ಮುಗಿಯುತ್ತದೆ. ಮೂರು ರೂಪಾಯಿ ಕಡಿಮೆ ಬಂದರೂ ಟ್ಯಾಲಿ ಆಗದೆ ಯಾರೂ ಏಳುವಂತಿಲ್ಲ. ನಾನು ಬರೆದದ್ದನ್ನು ಇನ್ನೊಬ್ಬರು ಪಾಸ್ ಮಾಡಬೇಕು. ಪಕ್ಕದ ಕೌಂಟರಿನಲ್ಲಿ ಒಬ್ಬರು ಕೂತೇ ಇರುತ್ತಾರೆ. ಮನೆಯಲ್ಲಿ ದಿನ ಎಂಬುದು ಮುಗಿಯುವುದೇ ಇಲ್ಲ, ಸುಸ್ತಾಗಿ ನಿಲ್ಲುತ್ತದೆ. ಡಾಕ್ಟರು ಹೇಳಿದ್ದೂ ಹೆಚ್ಚುಕಡಿಮೆ ಅದೇ: ನಿಮಗೆ ಗೊತ್ತಿಲ್ಲದ್ದೇನೂ ಇಲ್ಲ, ಗೊತ್ತಿದ್ದದ್ದನ್ನು ಹೊತ್ತಿಗೆ ಸರಿಯಾಗಿ ಹಿಡಿದು ಮುಗಿಸುವ ಒಳಗಿನ ಮೇಸ್ತ್ರಿ ಸ್ವಲ್ಪ ಗೈರುಹಾಜರಿ, ಹೊರಗಿನಿಂದ ಒಬ್ಬ ಮೇಸ್ತ್ರಿ ಸಿಕ್ಕಲ್ಲಿ ನೀವು ಸರಿಯಾಗಿ ದುಡಿಯುತ್ತೀರಿ.

ಹೆಸರು ಎಡಿಎಚ್‌ಡಿ, ಗಮನ ನಿಲ್ಲದ ಬಗೆಯದು. ಒಂಬತ್ತು ಲಕ್ಷಣಗಳಲ್ಲಿ ಮಕ್ಕಳಿಗೆ ಆರು ಇರಬೇಕು, ದೊಡ್ಡವರಿಗೆ ಐದಿದ್ದರೆ ಸಾಕು, ನನಗೆ ಎಂಟು. ನಾವು ಶಾಲೆಗೆ ಹೋಗುವಾಗ ಇದು ಬೆಂಚು ಹತ್ತಿ ಕುಣಿಯುವ ಗಂಡುಹುಡುಗರ ತೊಂದರೆ ಎಂದಷ್ಟೇ ತಿಳಿದಿದ್ದರು. ಸುಮ್ಮನೆ ಕಿಟಕಿಯಾಚೆ ನೋಡುತ್ತ ಕೂತ ಹುಡುಗಿ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ತಂದೆ-ತಾಯಿಯಿಂದ ಬರುವುದು ಬಹಳ ಎಂದೂ ಹೇಳಿದರು. ಆ ಸಂಜೆ ಚಿಗರಿಯಲ್ಲಿ ಉಣಕಲ್ ದಾಟುವವರೆಗೂ ಅಪ್ಪನ ಬರಿಗಾಲು ಕಣ್ಣ ಮುಂದಿತ್ತು.

ಗುಳಿಗೆ ಕೊಟ್ಟರು, ಅಟೊಮಾಕ್ಸೆಟಿನ್. ಮೊದಲ ಎರಡು ವಾರ ಬಾಯಿ ಒಣಗುವುದು, ಊಟ ಸೇರದಿರುವುದು. ಗುಣ ಕಾಣಲು ವಾರಗಳೇ ಹಿಡಿಯುತ್ತವೆ ಎಂದು ಮೊದಲೇ ಹೇಳಿದ್ದರು, ಹಾಗೇ ಆಯಿತು. ಕೈಗೆತ್ತಿಕೊಂಡ ಕೆಲಸ ಅರ್ಧಕ್ಕೆ ಬಿಡುವುದು ಕಡಿಮೆಯಾಯಿತು, ಅಷ್ಟರಮಟ್ಟಿಗೆ ಉಪಕಾರ. ‘ಗುಳಗಿ ಕಪಾಟು ಹೊಂದಸೂದಿಲ್ಲ ಮತ್ತ’ ಎಂದು ಡಾಕ್ಟರು ಎಚ್ಚರಿಕೆ ಕೊಟ್ಟೇ ಬರೆದುಕೊಟ್ಟಿದ್ದರು.

ಕಪಾಟು ಹೊಂದಿಸಿದ್ದು ಪಕ್ಕದ ಮನೆಯ ಕಾಕು. ಹಾಗೆಂದರೆ ಅವರಿಗೆ ಸಿಟ್ಟು ಬರುತ್ತದೆ, ಏಕೆಂದರೆ ಅವರು ಒಂದು ಸಾಮಾನನ್ನೂ ಮುಟ್ಟಲಿಲ್ಲ.

ಆ ವರ್ಷ ಅಧಿಕ ಶ್ರಾವಣ. ಜುಲೈ 18ಕ್ಕೆ ಹತ್ತಿದ ಶ್ರಾವಣ ಸೆಪ್ಟೆಂಬರ್ ಮಧ್ಯದವರೆಗೂ ಎಳೆಯಿತು. ಕಾಕುಗೆ ಎಪ್ಪತ್ತು ದಾಟಿದೆ, ಮಗ ಪುಣೆಯಲ್ಲಿ. ಅಧಿಕ ಮಾಸ ಬಂತೆಂದು ಲಕ್ಷ ಬತ್ತಿ ಹಿಡಿದಿದ್ದರು. ಒಂದು ಲಕ್ಷ ಹೂಬತ್ತಿ ಮಾಡಿ, ತುಪ್ಪದಲ್ಲಿ ನೆನೆಸಿ ದೇವರಿಗೆ ಬೆಳಗುವುದು. ಮಳೆಗಾಲದಲ್ಲಿ ಅವರ ಮನೆಯೊಳಗೆ ಕತ್ತಲು, ನಮ್ಮ ಪಡಸಾಲೆಗೆ ಬೆಳಕು ಚೆನ್ನ. ಒಂದು ಭಾನುವಾರ ಅರಳೆಯ ಗಂಟು ಹಿಡಿದು ಬಂದರು. ನಾನು ಅಟ್ಟದಿಂದ ಒಂದು ಚೀಲ ಇಳಿಸಿ, ಅದರ ಗಂಟು ಬಿಚ್ಚದೆ, ಎಷ್ಟು ಹೊತ್ತಿನಿಂದಲೋ ಅದರ ಮುಂದೆ ಕೂತಿದ್ದೆ.

‘ಕೆಲಸಾ ಏನರೆ ಇದ್ರ ಮಾಡ್ಕೋತ ಇರವಾ. ನಾ ಇಲ್ಲೆ ಒಂದ್ ಕಡೆ ಕೂಡ್ತೀನಿ.’

ಕೂತರು. ಅರಳೆ ಹಿಂಜಿ ಸಣ್ಣ ಎಸಳು ಮಾಡುವುದು, ಅಂಗೈ ಮೇಲೆ ಹರಡುವುದು, ನಡುವೆ ಚಿಟಿಕೆ ಹಿಡಿದು ಎತ್ತುವುದು, ಬೆರಳಿಗೆ ಒಂದಿಷ್ಟು ವಿಭೂತಿ ತಾಗಿಸಿಕೊಂಡು ತುದಿಯನ್ನು ಹೊಸೆಯುವುದು. ಒಂದಾಯಿತು. ಮತ್ತೊಂದು. ಕಣ್ಣು ಕೆಳಗೆ, ಬಾಯಲ್ಲಿ ಏನೋ ಒಂದು ಸ್ತೋತ್ರದ ಗುನುಗು. ನೂರಾದ ಕೂಡಲೇ ಅವನ್ನೆಲ್ಲ ಒಂದು ಡಬ್ಬಿಗೆ ಹಾಕಿ, ಕ್ಯಾಲೆಂಡರಿನ ಹರಿದ ಹಾಳೆಯ ಬೆನ್ನಿಗೆ ಪೆನ್ಸಿಲಿನಿಂದ ಒಂದು ಗೀಟು ಎಳೆದು, ಆ ಹಾಳೆಯನ್ನು ನಮ್ಮ ಟಿವಿಯ ಕೆಳಗೆ ಸಿಕ್ಕಿಸುವುದು.

ನಾನು ಯಾವಾಗ ಗಂಟು ಬಿಚ್ಚಿದೆನೋ ಗೊತ್ತಿಲ್ಲ. ಒಂದು ಗೀಟು ಬೀಳುವಷ್ಟರಲ್ಲಿ ಅರ್ಧ ಚೀಲ ಖಾಲಿಯಾಗಿತ್ತು.

ಮುಂದಿನ ಭೇಟಿಯಲ್ಲಿ ಡಾಕ್ಟರಿಗೆ ಹೇಳಿದಾಗ ಅವರಿಗೇನೂ ಆಶ್ಚರ್ಯವಾಗಲಿಲ್ಲ. ಇದಕ್ಕೆ ಇಂಗ್ಲಿಷಿನಲ್ಲಿ ‘ಬಾಡಿ ಡಬ್ಲಿಂಗ್’ ಎನ್ನುತ್ತಾರಂತೆ. ಸಹಾಯ ಮಾಡಬೇಕಿಲ್ಲ, ಬುದ್ಧಿ ಹೇಳಬೇಕಿಲ್ಲ, ತನ್ನ ಕೆಲಸ ತಾನು ಮಾಡುತ್ತ ಒಬ್ಬರು ಜೊತೆಗೆ ಕೂತರೆ ಸಾಕು. ಹೊತ್ತನ್ನು 25 ನಿಮಿಷದ ತುಂಡು ಮಾಡಿಕೊಳ್ಳಿ ಎಂದೂ ಹೇಳಿದರು. 1980ರ ದಶಕದಲ್ಲಿ ಇಟಲಿಯ ಒಬ್ಬ ವಿದ್ಯಾರ್ಥಿ ಅಡುಗೆಮನೆಯ ಟೊಮ್ಯಾಟೊ ಆಕಾರದ ಗಡಿಯಾರ ಇಟ್ಟುಕೊಂಡು ಓದಲು ಮಾಡಿಕೊಂಡ ಪದ್ಧತಿ ಅದು. ನಾನು ಮನೆಗೆ ಬಂದು ಗಡಿಯಾರ ನೋಡಿದೆ: ಕಾಕುಗೆ ನೂರು ಬತ್ತಿಗೆ ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ. ನಾನು ಮೊಬೈಲಿನಲ್ಲಿ ಗಂಟೆ ಇಡಲಿಲ್ಲ. ಮೊಬೈಲ್ ಕೈಗೆ ತೆಗೆದುಕೊಂಡರೆ ಅದರಲ್ಲೇ ಹೋದೆ ಎಂದೇ ಲೆಕ್ಕ. ಎರಡು ಗೀಟಿಗೆ ಒಂದು ಚಹಾ, ಅದೇ ನಮ್ಮ ಪದ್ಧತಿ.

ಕಾಕು ಒಂದೇ ಒಂದು ಮಾತು ಆಡುತ್ತಿದ್ದರು. ನಾನು ಯಾವುದೋ ಕಾಗದ ಹಿಡಿದು ಕಲ್ಲಾಗಿ ನಿಂತರೆ, ತಲೆ ಎತ್ತದೆಯೇ, ‘ಕೈಯಾಗ ಏನದ, ಓದು’ ಎನ್ನುತ್ತಿದ್ದರು. ಗಟ್ಟಿಯಾಗಿ ಓದುತ್ತಿದ್ದೆ: ‘ಹೆಸ್ಕಾಂ ಕರೆಂಟು ಬಿಲ್ಲು, 2017, ಆರುನೂರಾ ಹದಿನಾಲ್ಕು ರೂಪಾಯಿ.’ ಓದಿ ಮುಗಿಯುವುದರೊಳಗೆ ಅದು ರದ್ದಿ ಎಂದು ನನಗೇ ಗೊತ್ತಾಗುತ್ತಿತ್ತು. ಕಣ್ಣಿನಲ್ಲಿ ನೋಡಿದರೆ ಹರಿಯದ ಗಂಟು ಕಿವಿಗೆ ಬಿದ್ದರೆ ಹೇಗೆ ಹರಿಯುತ್ತದೆ ಎಂದು ನನಗೆ ಈಗಲೂ ತಿಳಿದಿಲ್ಲ.

ಚೀಲಗಳಿಗೆ ಹಬ್ಬದ ಹೆಸರಿತ್ತು, ಬರೆದದ್ದಲ್ಲ, ಒಳಗಿನ ಕಾಗದದಿಂದ ತಿಳಿಯುತ್ತಿತ್ತು. ‘ಇದು ಹದಿನೇಳರ ಗಣಪತಿ’, ‘ಇದು ನಾದಿನಿ ಸೀಮಂತದ್ದು’. ಬೀಗವೇ ಇಲ್ಲದ ಹದಿಮೂರು ಕೀಲಿಕೈ. ಒಂಟಿ ಕಿವಿಯೋಲೆ; ಅದರ ಜೋಡಿಯನ್ನು ಹಿಂದಿನ ವರ್ಷವಷ್ಟೇ ಮುರಿಸಿ ಬೇರೆ ಮಾಡಿಸಿಕೊಂಡಿದ್ದೆ. ಕತ್ತರಿ, ಕತ್ತರಿ, ಕತ್ತರಿ. ಗದಗಿನಿಂದ ಅಪ್ಪ ಬರೆದ ಒಂದು ಇನ್‌ಲ್ಯಾಂಡ್ ಪತ್ರ, ಒಡೆದೇ ಇರಲಿಲ್ಲ, ಅಪ್ಪ ಈಗಿಲ್ಲ. ಅದನ್ನು ಓದು ಎಂದು ಕಾಕು ಅನ್ನಲಿಲ್ಲ. ಒಡೆದೆ. ‘ಮಳೆ ಚಲೋ ಆಗೇದ, ನನ್ನ ಛತ್ರಿ ನಿಮ್ಮಲ್ಲೇ ಬಿಟ್ಟೇನೇನು ನೋಡು’ ಎಂದು ಬರೆದಿದ್ದರು.

2016ರ ದಸರೆಯ ಚೀಲದ ತಳದಲ್ಲಿ ಒಂದು ಉಡುಗೊರೆ ಲಕೋಟೆ, ಅದರಲ್ಲಿ ಐನೂರರ ನಾಲ್ಕು ನೋಟು, ಹಳೆಯವು. ಆ ವರ್ಷದ ನವೆಂಬರ್ 8ರ ರಾತ್ರಿ ಅವು ರದ್ದಾದದ್ದು. ಡಿಸೆಂಬರ್ 30ರವರೆಗೆ ಜಮಾ ಮಾಡಲು ಅವಕಾಶವಿತ್ತು. ಆ ಐವತ್ತು ದಿನ ನಾನು ಅದೇ ನೋಟುಗಳನ್ನು ಬೆರಳು ಕಪ್ಪಾಗುವಂತೆ ಎಣಿಸಿದ್ದೇನೆ, ಸಾಲಿನಲ್ಲಿ ನಿಂತ ಮುದುಕಿಯರಿಗೆ ‘ಮನ್ಯಾಗ ಎಲ್ಲೆರೆ ಇಟ್ಟೀರೇನು ನೋಡ್ರಿ ಅಜ್ಜಿ, ಸಾಸಿವಿ ಡಬ್ಬಿ ಸೈತ ನೋಡ್ರಿ’ ಎಂದು ಹೇಳಿದ್ದೇನೆ. ನನ್ನ ಎರಡು ಸಾವಿರ ನನ್ನ ತಲೆಯ ಮೇಲಿನ ಅಟ್ಟದಲ್ಲೇ ಇತ್ತು. ಕಾಕು ಎಷ್ಟು ನಕ್ಕರೆಂದರೆ ಬತ್ತಿಯ ಎಣಿಕೆ ತಪ್ಪಿತು. ಹತ್ತಕ್ಕಿಂತ ಹೆಚ್ಚು ಹಳೆಯ ನೋಟು ಇಟ್ಟುಕೊಳ್ಳುವಂತಿಲ್ಲ ಎಂದು 2017ರಲ್ಲಿ ಕಾಯಿದೆಯಾಗಿದೆ, ನನ್ನವು ನಾಲ್ಕೇ. ಕನ್ನಡಿಯ ಮೂಲೆಗೆ ಸಿಕ್ಕಿಸಿದ್ದೇನೆ.

ಗಣಪತಿ ಹಬ್ಬದ ಹೊತ್ತಿಗೆ ಹತ್ತೊಂಬತ್ತು ಚೀಲ ಮುಗಿದವು. ಹಾಗೆ ಕೂತು ಕೂತು ನನ್ನ ಕೈಗಳ ಚಾಳಿ ನನಗೇ ಕಾಣತೊಡಗಿತು. ಬಾಗಿಲ ಹಿಂದೆ ಇದ್ದದ್ದು ನನ್ನ ಪಾಲಿಗೆ ಜಗತ್ತಿನಲ್ಲೇ ಇಲ್ಲ. ಅದಕ್ಕೇ ಬಡಿಗನನ್ನು ಕರೆಸಿ ಪಡಸಾಲೆಯ ಕಪಾಟಿನ ಎರಡೂ ಬಾಗಿಲು ಕಳಚಿಸಿದೆ. ‘ಮನಿ ಹೋಗಿ ಕಿರಾಣಿ ಅಂಗಡಿ ಆತು’ ಎಂದು ಅತ್ತೆ ಎಂಟು ದಿನ ಮಾತು ಬಿಟ್ಟರು. ಒಂಬತ್ತನೆಯ ದಿನ ತಮ್ಮ ಕನ್ನಡಕ ತಾವೇ ಕಂಡು ತೆಗೆದುಕೊಂಡರು. ಆಮೇಲೆ ಆ ಮಾತು ಬರಲಿಲ್ಲ. ವ್ಯಾನಿಟಿ ಬ್ಯಾಗು ಯಾವಾಗಲೂ ಬಾಗಿಲ ಎಡಕ್ಕೆ ನೆಲದ ಮೇಲೆ ಬೀಳುತ್ತಿತ್ತು. ಅದನ್ನು ಒಳಗೆ ಒಯ್ಯುವ ಶಿಸ್ತನ್ನು ಇಪ್ಪತ್ತು ವರ್ಷ ಕಲಿಯಲಾರದವಳು ಈಗ ಕಲಿಯುತ್ತೇನೆಯೇ? ಅದು ಬೀಳುವ ಜಾಗದ ಮೇಲೇ ಒಂದು ಗೂಟ ಹೊಡೆಸಿದೆ. ಕುರ್ಚಿಯನ್ನು ತೆಗೆದು ಅಲ್ಲೇ ಒಂದು ಬುಟ್ಟಿ ಇಟ್ಟೆ. ಮಡಿಯಲ್ಲದ ಮೈಲಿಗೆಯಲ್ಲದ ಬಟ್ಟೆಗಳಿಗೆ ಅಧಿಕೃತ ನೆಲೆ ಸಿಕ್ಕಿತು.

ರಾತ್ರಿ ಒಂಬತ್ತೂಕಾಲಿಗೆ ನಮ್ಮ ಮನೆಯಲ್ಲಿ ಈಗ ಡೇ-ಎಂಡ್ ಆಗುತ್ತದೆ. ಕೀಲಿಕೈ, ಕನ್ನಡಕ, ಪರ್ಸು, ಗುಳಿಗೆ, ನಾಳೆಯ ಡಬ್ಬಿ. ನಾನು ಹೇಳಬೇಕು, ಮಗಳು ಕಣ್ಣಿನಿಂದ ನೋಡಿ ‘ಪಾಸ್’ ಎನ್ನಬೇಕು. ಆಧಾರ್, ಪ್ಯಾನ್, ಲೈಸೆನ್ಸುಗಳನ್ನು ಡಿಜಿಲಾಕರಿಗೆ ಏರಿಸಿದ್ದಾಳೆ; ಮೂಲ ಕಾಗದಗಳೆಲ್ಲ ಒಂದು ಟ್ರಂಕಿನಲ್ಲಿ, ಬೀಗವಿಲ್ಲ, ಜೋಪಾನ ಎಂಬ ಶಬ್ದವನ್ನೇ ನಿಷೇಧಿಸಿದ್ದೇವೆ. ಮನೆ ಕರಕ್ಕೆ ಏಪ್ರಿಲ್ 14 ಎಂದು ಗೊತ್ತು ಮಾಡಿದೆ. ಅಂಬೇಡ್ಕರ್ ಜಯಂತಿ, ಬ್ಯಾಂಕಿಗೆ ರಜೆ. ಯುಗಾದಿಯಂತೆ ಹಿಂದೆ ಮುಂದೆ ಸರಿಯುವುದಿಲ್ಲ.

ಇಷ್ಟೆಲ್ಲ ಆಯಿತು ಎಂದರೆ ಎಲ್ಲ ನೆಟ್ಟಗಾಯಿತು ಎಂದು ತಿಳಿಯಬೇಡಿ. ದೀಪಾವಳಿ ಮುಗಿಸಿ ಕಾಕು ಪುಣೆಗೆ ಹೋದರು, ಸೊಸೆಯ ಬಾಣಂತನ. ಹೋಗುವಾಗ ಅವರ ಲೆಕ್ಕ ಅರವತ್ತು ಸಾವಿರದ ಆಚೆ ಎಲ್ಲೋ ಇತ್ತು. ಹಾಳೆಯನ್ನು ‘ನಿನ್ನ ಹಂತ್ಯಾಕೇ ಇರ್ಲಿ’ ಎಂದು ಟಿವಿಯ ಕೆಳಗೇ ಬಿಟ್ಟರು. ಮೂರು ವಾರದಲ್ಲಿ ಮೇಜು ತುಂಬಿತು. ಡಿಸೆಂಬರಿನಲ್ಲಿ ನಮ್ಮವರ ಅಣ್ಣ-ವೈನಿ ಬರುತ್ತಾರೆಂದಾಗ ನನ್ನ ಎರಡೂ ಕೈ ತಾವಾಗಿಯೇ ಮೇಜನ್ನು ಬಳಿದು ಚೀಲಕ್ಕೆ ತುಂಬಿದವು. ಗಂಟು ಹಾಕುವಾಗ ಮಗಳು ನೋಡಿದಳು. ಏನೂ ಅನ್ನದೆ ಪುಣೆಗೆ ವಿಡಿಯೊ ಕರೆ ಹಚ್ಚಿ, ಮೊಬೈಲನ್ನು ಸಕ್ಕರೆ ಡಬ್ಬಿಗೆ ಆನಿಸಿ ನಿಲ್ಲಿಸಿದಳು. ಕಾಕು ಅಲ್ಲಿ ತೊಡೆಯ ಮೇಲೆ ಮೊಮ್ಮಗನನ್ನು ತಟ್ಟುತ್ತ ಕೂತಿದ್ದರು, ಇಲ್ಲಿ ನಾನು ಗಂಟು ಬಿಚ್ಚಿದೆ. ಅವತ್ತು ಹೊತ್ತಿನ ಲೆಕ್ಕ ಕೂಸು ಏಳುವವರೆಗೆ.

ಫೆಬ್ರುವರಿಯಲ್ಲಿ ಕಾಕು ಬಂದರು. ಅವರು ಬರುತ್ತಾರೆಂದೇ ಹಿಂದಿನ ದಿನ ನಾನು ಒಬ್ಬಳೇ, ಯಾರ ಜೊತೆಯೂ ಇಲ್ಲದೆ, ಪಡಸಾಲೆ ಪೂರ್ತಿ ಹಸನ ಮಾಡಿದ್ದೆ. ಟಿವಿಯ ಮೇಲೆ, ಟಿವಿಯ ಕೆಳಗೆ, ಎಲ್ಲ. ರದ್ದಿಯವನು ಬೆಳಿಗ್ಗೆಯೇ ಬಂದು ಹನ್ನೊಂದು ಕಿಲೋ ತೂಗಿ ಒಯ್ದಿದ್ದ.

ಕಾಕು ಅರಳೆ ಗಂಟು ಇಟ್ಟು, ಚಹಾ ಕುಡಿದು, ಟಿವಿಯ ಕೆಳಗೆ ಕೈ ಹಾಕಿದರು. ಮತ್ತೊಮ್ಮೆ ಹಾಕಿದರು. ಬಗ್ಗಿ ನೋಡಿದರು.

‘ನನ್ನ ಗೀಟಿನ ಹಾಳಿ ಎಲ್ಲದ?’

ನನ್ನ ಮುಖ ನೋಡಿಯೇ ಅವರಿಗೆ ತಿಳಿಯಿತು. ಆರು ನೂರಕ್ಕೂ ಹೆಚ್ಚು ಗೀಟು. ಮಗಳು ಒಳಗಿನಿಂದ ಓಡಿಬಂದಳು, ರದ್ದಿಯವನು ಎಷ್ಟು ದೂರ ಹೋಗಿರಬಹುದು ಎಂದು ಲೆಕ್ಕ ಹಾಕುತ್ತ ಚಪ್ಪಲಿ ಹುಡುಕತೊಡಗಿದಳು. ನಾನು ಒಂದು ಕೈಯಲ್ಲಿ ಪೊರಕೆ, ಇನ್ನೊಂದು ಕೈಯಲ್ಲಿ ಯಾವುದೋ ಕಾಗದ ಹಿಡಿದು ನಿಂತಿದ್ದೆ.

‘ಏ, ಯಾಕ ಓಡ್ತೀ, ಬಾ ಇಲ್ಲೆ’ ಎಂದು ಕಾಕು ಅವಳನ್ನು ಕೂಗಿದರು. ಗೋಡೆಗೆ ಆನಿ ಕೂತು ಅರಳೆ ಬಿಚ್ಚಿದರು. ‘ಅರವತ್ತು ಸಾವಿರಾ ಅಂತ ಹಿಡೀತೀನಿ. ಹೆಚ್ಚಾದ್ರ ಅಂವಗ ಬೆಳಕು ಹೆಚ್ಚಾತು.’ ಬೆರಳಿಗೆ ವಿಭೂತಿ ತಾಗಿಸಿಕೊಂಡು ಮೊದಲ ಎಸಳು ಅಂಗೈ ಮೇಲೆ ಹರಡಿದರು. ಆಮೇಲೆ, ತಲೆ ಎತ್ತದೆ:

‘ಕೈಯಾಗ ಏನದ, ಓದು.’